ರಾಯಣ್ಣನಿಗೆ ನಾವು ಕೊಟ್ಟ ಹೆಸರು, ರಾಯಣ್ಣ ಕೇಳಿದ ಹೊಲ

ಬೆಂಗಳೂರಿನ ಮೆಜೆಸ್ಟಿಕ್ ಎದುರಿಗಿರುವ ರೈಲು ನಿಲ್ದಾಣದ ಪೂರ್ತಿ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಬೆಂಗಳೂರು ನಿಲ್ದಾಣ. ಆದರೆ ಟಿಕೆಟ್ಟಿನಲ್ಲಿ, ಆ್ಯಪಿನಲ್ಲಿ, ಪ್ಲಾಟ್‌ಫಾರ್ಮಿನ ಮೈಕಿನಲ್ಲಿ ಅದು ಬರೀ ಕೆಎಸ್ಆರ್. ರೈಲ್ವೆಯ ಕಂಪ್ಯೂಟರಿಗಂತೂ ಅದು ಇವತ್ತಿಗೂ ಎಸ್‌ಬಿಸಿ, ಅಂದ್ರೆ ಬೆಂಗಳೂರು ಸಿಟಿ ಎಂದು ಕರೆಯುತ್ತಿದ್ದ ಕಾಲದ ಕೋಡ್. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿ ಆಯ್ತು, ಜೊತೆಗೆ ಇನ್ನೂ ಹನ್ನೊಂದು ಊರುಗಳ ಹೆಸರು ಸರಿಹೋಯ್ತು. ಬೆಳಗಾವಿ ಸ್ಟೇಷನ್ನಿನ ಕೋಡ್ ಮಾತ್ರ ಈಗಲೂ ಬಿಜಿಎಂ, ಹುಬ್ಬಳ್ಳಿಯದು ಯುಬಿಎಲ್.

ಇದನ್ನ ಕನ್ನಡಕ್ಕಾದ ಅವಮಾನ ಅಂತ ಓದಬೇಕಿಲ್ಲ. ಎಂಜಿನಿಯರಿಂಗ್ ಓದಿ ಒಂದಷ್ಟು ವರ್ಷ ಕೋಡ್ ಬರೆದವರಿಗೆ ಇದರ ಕಾರಣ ಥಟ್ಟನೆ ಹೊಳೆಯುತ್ತೆ. ಬೋರ್ಡ್ ಬದಲಾಯಿಸೋದು ಸುಲಭ, ಕೀ ಬದಲಾಯಿಸೋದು ಕಷ್ಟ. ಮನಸ್ಸು ಮಾಡಿದರೆ ಅದೂ ಆಗುತ್ತೆ. ಅಲಹಾಬಾದ್ ಪ್ರಯಾಗರಾಜ್ ಆದಮೇಲೆ 2020ರಲ್ಲಿ ಅಲ್ಲಿನ ಎಎಲ್‌ಡಿ ಅನ್ನೋ ಕೋಡ್ ಹೋಗಿ ಪಿಆರ್‌ವೈಜೆ ಬಂತು. ಹೆಸರು ಯಾರದು, ಅದನ್ನ ಎಲ್ಲೆಲ್ಲಿ ಬದಲಾಯಿಸುತ್ತಾರೆ, ಎಲ್ಲಿ ಹಾಗೇ ಬಿಡುತ್ತಾರೆ, ಬದಲಾಯಿಸುವಾಗ ಒಳಗಿನ ಸರಕು ಏನಾಗುತ್ತೆ ಅನ್ನೋದು ತಾಂತ್ರಿಕ ಪ್ರಶ್ನೆ. ರಾಯಣ್ಣನ ಬದುಕು ಗೊತ್ತಿದ್ದವರಿಗೆ ಅದು ರಾಜಕೀಯ ಪ್ರಶ್ನೆಯೂ ಹೌದು.

ಕೀ ಮತ್ತು ವ್ಯಾಲ್ಯೂ

ಮೊದಲು ತಾಂತ್ರಿಕ ಭಾಗ ಮುಗಿಸಿಬಿಡೋಣ. ಜಾವಾಸ್ಕ್ರಿಪ್ಟಿನಂಥ ಭಾಷೆಯಲ್ಲಿ ಆಬ್ಜೆಕ್ಟ್ ಅಂದ್ರೆ ಚೀಟಿ ಅಂಟಿಸಿದ ಡಬ್ಬಿಗಳ ಸಾಲು ಅಂದುಕೊಳ್ಳಿ. ಚೀಟಿಗೆ ಕೀ ಅಂತಾರೆ, ಡಬ್ಬಿಯೊಳಗಿನ ಸರಕಿಗೆ ವ್ಯಾಲ್ಯೂ ಅಂತಾರೆ. ಚೀಟಿ ಬದಲಾಯಿಸಲು ಎರಡು ದಾರಿ. ಒಂದು, ಇರುವ ಡಬ್ಬಿಗೇ ಕೈಹಾಕಿ ಹಳೇ ಚೀಟಿ ಕಿತ್ತು ಹೊಸದು ಅಂಟಿಸೋದು. ಎರಡನೆಯದು ಫಂಕ್ಷನಲ್ ಶೈಲಿ. ಇಲ್ಲಿ ಮೂಲ ಆಬ್ಜೆಕ್ಟನ್ನ ಮುಟ್ಟೋದೇ ಇಲ್ಲ. ಯಾವ ಹಳೇ ಹೆಸರಿಗೆ ಯಾವ ಹೊಸ ಹೆಸರು ಅನ್ನೋ ಪಟ್ಟಿಯನ್ನ ಬೇರೆ ಇಟ್ಟುಕೊಳ್ತೀವಿ. ಆಬ್ಜೆಕ್ಟನ್ನ ಕೀ-ವ್ಯಾಲ್ಯೂ ಜೋಡಿಗಳಾಗಿ ಬಿಡಿಸಿ, ಮ್ಯಾಪ್ ಹಾಕಿ ಪ್ರತಿ ಕೀಯನ್ನೂ ಪಟ್ಟಿಯ ಪ್ರಕಾರ ಬದಲಿಸಿ, ಮತ್ತೆ ಜೋಡಿಸಿ ಹೊಸ ಆಬ್ಜೆಕ್ಟ್ ಮಾಡ್ತೀವಿ. ಮೂರು ಸಾಲಿನ ಕೆಲಸ.

ಆ ಮೂರು ಸಾಲಿನ ಹಿಂದೆ ಮೂರು ಕಟ್ಟಳೆಗಳಿವೆ. ಒಂದು, ಮೂಲ ದಾಖಲೆ ಹಾಗೇ ಉಳಿಯಬೇಕು, ಯಾರು ಯಾವಾಗ ಬೇಕಾದರೂ ತಾಳೆ ನೋಡುವಂತಿರಬೇಕು. ಎರಡು, ಪಟ್ಟಿಯಲ್ಲಿ ಇಲ್ಲದ ಕೀ ಬಿದ್ದುಹೋಗಬಾರದು, ಇದ್ದ ಹೆಸರಿನಲ್ಲೇ ದಾಟಿ ಬರಬೇಕು. ಮೂರನೆಯದು ಬಹಳ ಮುಖ್ಯ: ಎರಡು ಹಳೇ ಕೀಗಳಿಗೆ ಒಂದೇ ಹೊಸ ಹೆಸರು ಕೊಡಬಾರದು. ಕೊಟ್ಟರೆ ಕೊನೆಗೆ ಬಂದದ್ದು ಮೊದಲಿನದನ್ನ ನುಂಗಿಹಾಕುತ್ತೆ. ಎರರ್ ಬರಲ್ಲ, ವಾರ್ನಿಂಗ್ ಬರಲ್ಲ, ಸರಕು ಮಾಯ.

ಈ ಮೂರನ್ನೂ ನೆನಪಿಟ್ಟುಕೊಂಡು 200 ವರ್ಷ ಹಿಂದಕ್ಕೆ ಹೋಗೋಣ.

ಶೇತಸನದಿಯ ಮಗ

ಸಂಗೊಳ್ಳಿ ಈಗಿನ ಬೈಲಹೊಂಗಲ ತಾಲ್ಲೂಕಿನ ಊರು, ಮಲಪ್ರಭೆಯ ದಂಡೆ. ಆ ಮಲಪ್ರಭೆ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯಲ್ಲಿ. ರಾಯಣ್ಣನ ಬದುಕೆಲ್ಲ ಈ ಹೊಳೆಯ ಆಸುಪಾಸಿನಲ್ಲೇ ಕಳೆಯಿತು. ಹುಟ್ಟಿದ್ದು ಹೊಳೆಯ ಕೆಳಗಿನ ಬಯಲುಸೀಮೆಯಲ್ಲಿ, ಹೋರಾಡಿದ್ದು ಮತ್ತು ಸತ್ತದ್ದು ಮೇಲಿನ ಕಾಡುಸೀಮೆಯಲ್ಲಿ. 1798ರ ಆಗಸ್ಟ್ 15 ಆತನ ಹುಟ್ಟಿದ ದಿನ ಎಂದು ಸರ್ಕಾರ ಜಯಂತಿ ಮಾಡುತ್ತದೆ. ಕುರುಬರ ಮನೆತನ, ಅಪ್ಪ ಭರಮಪ್ಪ.

ಸಿನಿಮಾದಲ್ಲಿ ನೋಡಿದವರಿಗೆ ರಾಯಣ್ಣ ಕಿತ್ತೂರಿನ ಸೇನಾನಿ. ಆದರೆ ಆತನ ಕೆಲಸಕ್ಕೆ ಆ ಕಾಲದಲ್ಲಿದ್ದ ಹೆಸರು ಶೇತಸನದಿ. ಶೇತ ಅಂದ್ರೆ ಹೊಲ, ಸನದು ಅಂದ್ರೆ ಅಧಿಕಾರದ ಪತ್ರ. ಊರು ಕಾಯಬೇಕು, ಕರೆ ಬಂದಾಗ ಕತ್ತಿ ಹಿಡಿದು ಸಂಸ್ಥಾನಕ್ಕೆ ಓಡಬೇಕು. ಅದಕ್ಕೆ ಪ್ರತಿಯಾಗಿ ಸಂಬಳ ಇಲ್ಲ, ಉಣ್ಣಲು ಒಂದು ತುಂಡು ಹೊಲ. ಅರ್ಧ ರೈತ, ಅರ್ಧ ಸಿಪಾಯಿ. ಹೊಲವೇ ಆತನ ನೌಕರಿ, ಹೊಲವೇ ಆತನ ಮಾನ. ಈ ಒಂದು ಶಬ್ದ ತಿಳಿದುಕೊಂಡರೆ ಮುಂದಿನ ಕಥೆಯ ಮುಕ್ಕಾಲು ಭಾಗ ತಾನಾಗಿ ತಿಳಿಯುತ್ತದೆ.

1818ರಲ್ಲಿ ಪೇಶ್ವೆ ಸೋತ ಮೇಲೆ ಈ ಸೀಮೆಯ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಹಿಡಿತ ಬಂತು. ಕಿತ್ತೂರಿನ ದೇಸಾಯರು ಕಂಪನಿಗೆ ಕಪ್ಪ ಕೊಟ್ಟು ತಮ್ಮ ಸಂಸ್ಥಾನ ಉಳಿಸಿಕೊಂಡಿದ್ದರು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಶಿವಲಿಂಗಪ್ಪ ಎಂಬ ಹುಡುಗನನ್ನ ದತ್ತು ತಗೊಂಡಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತು ಒಪ್ಪಲಿಲ್ಲ.

ಇಲ್ಲಿ ಆದದ್ದನ್ನ ಗಮನಿಸಿ. ಹುಡುಗ ಅದೇ, ಅರಮನೆ ಅದೇ, ಖಜಾನೆ ಅದೇ, ಊರುಗಳು ಅವೇ. ದತ್ತುಪುತ್ರ ಅನ್ನೋ ಚೀಟಿ ಕಿತ್ತು ವಾರಸುದಾರರಿಲ್ಲ ಅನ್ನೋ ಚೀಟಿ ಅಂಟಿಸಿದ್ದು, ಅಷ್ಟೇ. ಆ ಒಂದು ಕೀ ಬದಲಾದ ಕೂಡಲೇ ಇಡೀ ಸಂಸ್ಥಾನ ಕಂಪನಿಯ ಲೆಕ್ಕಕ್ಕೆ ಬಿತ್ತು. ಮೂಲವನ್ನ ಉಳಿಸದೆ ಇದ್ದಲ್ಲೇ ತಿದ್ದುವುದು ಅಂದ್ರೆ ಇದೇ. ಮುಂದೆ ಡಾಲ್‌ಹೌಸಿ ಸತಾರಾ, ಝಾನ್ಸಿಗಳಲ್ಲಿ ಇದೇ ಆಟ ಆಡಿದ. ಕಿತ್ತೂರಿನಲ್ಲಿ ಅದು ಕಾಲು ಶತಮಾನ ಮೊದಲೇ ನಡೆದುಹೋಗಿತ್ತು.

ರಾಣಿ ಚೆನ್ನಮ್ಮ ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ, ಇಬ್ಬರು ಅಧಿಕಾರಿಗಳು ಕಿತ್ತೂರಿನವರ ಸೆರೆ ಸಿಕ್ಕರು. ಕಂಪನಿ ದೊಡ್ಡ ಸೇನೆ ತಂದು ಡಿಸೆಂಬರಿನಲ್ಲಿ ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಬಂದಿಯಾದರು. ಆ ಕಾಳಗದಲ್ಲಿದ್ದ ರಾಯಣ್ಣನೂ ಸೆರೆ ಸಿಕ್ಕ. 1826ರಲ್ಲಿ ಕಂಪನಿ ಕ್ಷಮಾದಾನ ಕೊಟ್ಟು ಬಿಟ್ಟಾಗ ಆತ ಸಂಗೊಳ್ಳಿಗೆ ಮರಳಿದ.

ಕಚೇರಿಗೆ ಯಾಕೆ ಬೆಂಕಿ ಇಟ್ಟ?

ಮರಳಿ ಬಂದ ಮೇಲೆ ರಾಯಣ್ಣ ಕಂಡದ್ದು ಬೇರೆಯೇ ಊರು. ಹೊಲ ಇದ್ದಲ್ಲೇ ಇತ್ತು, ಬದುವೂ ಅದೇ. ದಫ್ತರದಲ್ಲಿ ಮಾತ್ರ ಅದರ ಹೆಸರು ಬದಲಾಗಿತ್ತು. ಸೇವೆ ಮಾಡಿಸಿಕೊಳ್ಳುವ ಸಂಸ್ಥಾನವೇ ಇಲ್ಲ ಅಂದಮೇಲೆ ಸೇವೆಯ ಹೊಲ ಯಾಕೆ ಅನ್ನುವುದು ಕಂಪನಿಯ ತರ್ಕ. ಆತನ ಹೊಲದ ದೊಡ್ಡ ಪಾಲು ಮುಟ್ಟುಗೋಲಾಯಿತು, ಉಳಿದದ್ದರ ಮೇಲೆ ಭಾರೀ ಕಂದಾಯ ಬಿತ್ತು.

ಮೂರನೇ ಕಟ್ಟಳೆ ನೆನಪಿಸಿಕೊಳ್ಳಿ. ಹಳೇ ವ್ಯವಸ್ಥೆಯಲ್ಲಿ ನೆಲಕ್ಕೆ ಹತ್ತಾರು ಹೆಸರಿದ್ದವು: ಇನಾಮು, ಉಂಬಳಿ, ವತನ, ಸನದಿ ಹೊಲ. ಒಂದೊಂದು ಹೆಸರಿನ ಹಿಂದೆ ಒಂದೊಂದು ಕೊಡು-ಕೊಳ್ಳುವ ಸಂಬಂಧ. ಹಾಗಂತ ಅದೇನು ಸ್ವರ್ಗವಲ್ಲ. ಜಾತಿಯ ಏಣಿ ಅಲ್ಲೂ ಇತ್ತು, ಮೇಲಿನವರಿಗೆ ಊರಿಗೆ ಊರೇ ಇನಾಮು, ಕೆಳಗಿನವರಿಗೆ ತುಂಡು ಹೊಲ. ಆದರೂ ಆ ತುಂಡು ಹೊಲದ ಹಿಂದೆ ಒಂದು ಒಪ್ಪಂದ ಇತ್ತು. ಕಂಪನಿಯ ಕಣ್ಣು ಇದ್ದದ್ದು ಒಂದೇ ಕೀ ಮೇಲೆ: ಇಷ್ಟು ನೆಲ, ಇಷ್ಟು ಕಂದಾಯ, ಕಟ್ಟುವವನು ಇಂಥವನು. ಬೇರೆ ಬೇರೆ ಹೆಸರುಗಳನ್ನ ಆ ಒಂದರೊಳಗೆ ತುರುಕಿದಾಗ ಒಪ್ಪಂದ ಸದ್ದಿಲ್ಲದೆ ಅಳಿಸಿಹೋಯ್ತು. ರಾಯಣ್ಣನಿಗೆ ಎರರ್ ಮೆಸೇಜ್ ಬರಲಿಲ್ಲ. ಕುಲಕರ್ಣಿ ಬಂದ, ವಸೂಲಿಗೆ. ಆತನ ತಾಯಿಯ ಬೆನ್ನ ಮೇಲೆ ಕಲ್ಲು ಹೇರಿಸಿ ಅವಮಾನ ಮಾಡಿದ ಕಥೆಯನ್ನ ಈ ಭಾಗದ ಲಾವಣಿಕಾರರು ತಲೆಮಾರುಗಳಿಂದ ಹಾಡುತ್ತಾ ಬಂದಿದ್ದಾರೆ.

1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಸೆರೆಯಲ್ಲೇ ತೀರಿಕೊಂಡರು. ಆ ವರ್ಷ ದಾಟುವ ಹೊತ್ತಿಗೆ ರಾಯಣ್ಣ ಜನ ಕೂಡಿಸಿದ್ದ. ಹೊಲ ಕಳಕೊಂಡ ಇತರ ಶೇತಸನದಿಗಳು, ರೈತರು, ಕಾಡಿನ ಅಂಚಿನ ಮಂದಿ. ಸಿದ್ದಿ ಸಮುದಾಯದ ಗಜವೀರ ಆತನ ಬಲಗೈ ಎಂದು ಜನಪದ ನೆನೆಯುತ್ತದೆ. ದತ್ತುಪುತ್ರ ಶಿವಲಿಂಗಪ್ಪನನ್ನ ಮತ್ತೆ ಕಿತ್ತೂರಿನ ಗಾದಿಗೆ ಕೂರಿಸುವುದು ಅವರ ಘೋಷಿತ ಗುರಿ. ಅಂದ್ರೆ ಕಂಪನಿ ಕಿತ್ತ ಚೀಟಿಯನ್ನೇ ಮತ್ತೆ ಅಂಟಿಸುವುದು.

1830ರ ಜನವರಿಯಲ್ಲಿ ಖಾನಾಪುರ ಸೀಮೆಯ ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ಆಮೇಲೆ ನಂದಗಡ, ಖಾನಾಪುರ, ಸಂಪಗಾವಿಗಳ ಕಡೆ ದಾಳಿ ಹಬ್ಬಿತು. ಸರ್ಕಾರಿ ಕಚೇರಿ ಸುಡುವುದು, ಖಜಾನೆ ಒಡೆಯುವುದು, ಸಾಹುಕಾರರಿಂದ ಹಣ ಎತ್ತಿ ಪಡೆ ಸಾಕುವುದು, ಬೆನ್ನಟ್ಟಿ ಬಂದ ತುಕಡಿಯ ಮೇಲೆ ಕಾಡಿನಲ್ಲಿ ಎರಗಿ ಮಾಯವಾಗುವುದು. ಇದನ್ನ ಗೆರಿಲ್ಲಾ ಯುದ್ಧ ಅಂತೀವಿ. ತಂತ್ರದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಗುರಿಯ ಬಗ್ಗೆ ಬರೆದದ್ದು ಕಡಿಮೆ.

ಯಾಕೆ ಕಚೇರಿ? ಕಂಪನಿಯ ದಂಡು ಇದ್ದದ್ದು ಬೆಳಗಾವಿಯ ಕ್ಯಾಂಪಿನಲ್ಲಿ. ಬೀಡಿಯ ಕಚೇರಿಯಲ್ಲಿ ಇದ್ದದ್ದು ದಫ್ತರ, ಲೆಕ್ಕದ ಕಟ್ಟು, ಯಾರ ಹೊಲ ಯಾರ ಹೆಸರಿನಲ್ಲಿ ಅನ್ನೋ ಕಾಗದ. ಊರು ಕಾಯುವ ಕೆಲಸದಲ್ಲೇ ಬೆಳೆದ ಈ ಮನುಷ್ಯನಿಗೆ ಅಧಿಕಾರ ಎಲ್ಲಿ ಕೂತಿದೆ ಅನ್ನೋದು ಚೆನ್ನಾಗಿ ಗೊತ್ತಿತ್ತು. ತನ್ನ ಹೊಲವನ್ನ ಕಸಿದದ್ದು ತೋಪಲ್ಲ, ಒಂದು ಸಾಲು ಬರಹ ಅಂತ ಆತ ಅರ್ಥ ಮಾಡಿಕೊಂಡಿದ್ದ. ಮೂಲ ದಾಖಲೆಯ ಪ್ರತಿ ಎಲ್ಲೂ ಉಳಿದಿಲ್ಲ ಅಂದಾಗ, ತಿದ್ದಿದ ದಾಖಲೆಯನ್ನ ಸುಡುವುದೊಂದೇ ದಾರಿ ಎಂದು ಅವನಿಗೆ ಕಂಡಿರಬೇಕು. ಗಲಭೆಕೋರರು ಕೈಗೆ ಸಿಕ್ಕಿದ್ದಕ್ಕೆ ಬೆಂಕಿ ಇಟ್ಟರು ಅಂತ ಓದಿದರೆ ಈ ಅರ್ಥ ತಪ್ಪಿಹೋಗುತ್ತೆ. ಮುಂದೆ 1875ರಲ್ಲಿ ಪುಣೆ, ಅಹ್ಮದ್‌ನಗರ ಕಡೆಯ ರೈತರು ಸಾಹುಕಾರರ ಮೇಲೆ ಎದ್ದಾಗಲೂ ಮೊದಲು ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನೇ.

ನಂದಗಡ

ಕಂಪನಿ ನೇರ ಯುದ್ಧದಲ್ಲಿ ರಾಯಣ್ಣನನ್ನ ಹಿಡಿಯಲಾಗಲಿಲ್ಲ. ಶಿವಲಿಂಗಪ್ಪನನ್ನ ಮೊದಲು ಬಂಧಿಸಿ ಬಂಡಾಯದ ಕಾರಣವನ್ನೇ ಕಿತ್ತುಕೊಂಡರು. ಆಮೇಲೆ ಆಸುಪಾಸಿನ ಗೌಡರ ನೆರವು ಪಡೆದರು. 1830ರ ಏಪ್ರಿಲಿನಲ್ಲಿ ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದಾಗ, ಕತ್ತಿ ಕೈಯಲ್ಲಿಲ್ಲದ ಹೊತ್ತು ನೋಡಿ, ಜೊತೆಗಿದ್ದವರೇ ಹಿಡಿದುಕೊಟ್ಟರು. ದ್ರೋಹ ಅಂತ ನಾವು ಇಷ್ಟಕ್ಕೇ ಮುಗಿಸಿಬಿಡ್ತೀವಿ. ಸ್ವಲ್ಪ ಹತ್ತಿರ ಹೋದರೆ ಲೆಕ್ಕ ಬೇರೆ ಕಾಣುತ್ತೆ. ಹೊಸ ದಫ್ತರದಲ್ಲಿ ಹೆಸರು ಭದ್ರವಾಗಿದ್ದವರು ದಫ್ತರದ ಕಡೆ ನಿಂತರು, ಹೆಸರು ಅಳಿಸಿಹೋದವರು ರಾಯಣ್ಣನ ಕಡೆ ನಿಂತರು.

ವಿಚಾರಣೆ ನಡೆಯಿತು. ಕಂಪನಿಯ ಕಾಗದದಲ್ಲಿ ಆತ ಶೇತಸನದಿಯಾಗಿ ಉಳಿದಿರಲಿಲ್ಲ, ದಂಗೆಕೋರನಾಗಿದ್ದ, ಲೂಟಿಕೋರನಾಗಿದ್ದ. ಸನದು ಹಿಡಿದ ರೈತ ತನ್ನ ಹೊಲ ಕೇಳಿದರೆ ಅದು ದಾವೆ. ಲೂಟಿಕೋರ ಕೇಳಿದರೆ ಅದು ಅಪರಾಧ. ಕೇಳಿದ್ದು ಒಂದೇ, ಕೀ ಬೇರೆ, ಹಾಗಾಗಿ ತೀರ್ಪೂ ಬೇರೆ. 1831ರ ಜನವರಿ 26ರಂದು ನಂದಗಡದಲ್ಲಿ ಆತನನ್ನ ಗಲ್ಲಿಗೇರಿಸಿದರು. ತನ್ನ ಪಡೆ ದಾಳಿ ಮಾಡಿದ್ದ ಸೀಮೆಯಲ್ಲೇ, ಊರವರೆಲ್ಲ ನೋಡಲಿ ಅಂತ. ಸಂಗಡಿಗರಲ್ಲಿ ಕೆಲವರಿಗೂ ಗಲ್ಲು, ಉಳಿದವರಿಗೆ ಕಠಿಣ ಶಿಕ್ಷೆ. ಆಗ ರಾಯಣ್ಣನಿಗೆ ಮೂವತ್ತೆರಡು ವರ್ಷ.

ಸಮಾಧಿಯ ಮೇಲೆ ಗೆಳೆಯ ಬಿಚ್ಚುಗತ್ತಿ ಚನ್ನಬಸಪ್ಪ ಆಲದ ಸಸಿ ನೆಟ್ಟ ಎಂಬುದು ಐತಿಹ್ಯ. ಇವತ್ತು ನಂದಗಡದಲ್ಲಿ ಆ ಆಲ ಹೆಮ್ಮರವಾಗಿದೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಅದಕ್ಕೆ ತೊಟ್ಟಿಲು ಕಟ್ಟುತ್ತಾರೆ. ಖಾನಾಪುರ ತಾಲ್ಲೂಕಿನಲ್ಲಿ ಕನ್ನಡ, ಮರಾಠಿ ಎರಡೂ ಮಾತಾಡುವ ಮಂದಿ. ಹರಕೆಯ ತೊಟ್ಟಿಲಿಗೆ ಭಾಷೆ ಇಲ್ಲ.

ಪಟ್ಟಿಯಲ್ಲಿ ಇಲ್ಲದ ಕೀ ಬಿದ್ದುಹೋಗಬಾರದು ಅನ್ನೋ ಎರಡನೇ ಕಟ್ಟಳೆಯನ್ನ ಪಾಲಿಸಿದ್ದು ಈ ಜನ. ನೂರಿಪ್ಪತ್ತು ವರ್ಷ ಕಾಲ ಯಾವ ಸರ್ಕಾರದ ಹೆಸರಿನ ಪಟ್ಟಿಯಲ್ಲೂ ರಾಯಣ್ಣ ಇರಲಿಲ್ಲ. ಶಾಲೆ ಇಲ್ಲ, ಸರ್ಕಲ್ ಇಲ್ಲ, ನಿಲ್ದಾಣ ಇಲ್ಲ. ಲಾವಣಿ, ಗೀಗೀ ಪದ, ಆಲದ ಮರ, ಇಷ್ಟರಲ್ಲೇ ಆತ ತನ್ನ ಹಳೇ ಹೆಸರಿನಲ್ಲೇ ದಾಟಿ ಬಂದ. ಸಂಗೊಳ್ಳಿಯ ರಾಯಣ್ಣ. ಊರು ಮತ್ತು ಹೆಸರು, ಬಿರುದು ಏನೂ ಇಲ್ಲ.

ಬಿರುದುಗಳ ಕಾಲ

ಬಿರುದು ಬಂದದ್ದು ನಮ್ಮ ಕಾಲದಲ್ಲಿ. 1967ರಲ್ಲಿ ಒಂದು ಸಿನಿಮಾ, 2012ರಲ್ಲಿ ದರ್ಶನ್ ಅಭಿನಯದ ಇನ್ನೊಂದು. ಪ್ರತಿಮೆಗಳು, ಪ್ರಾಧಿಕಾರ, ನಿಲ್ದಾಣ. 2016ರಲ್ಲಿ ಕೆ.ಎಸ್. ಈಶ್ವರಪ್ಪ ಬಿಜೆಪಿಯೊಳಗಿನ ಜಗಳದ ನಡುವೆ ಹಿಂದುಳಿದವರನ್ನ ಸಂಘಟಿಸಲು ಕಟ್ಟಿದ ಪಡೆಗೂ ಸಂಗೊಳ್ಳಿ ರಾಯಣ್ಣ ಬ್ರಿಗೇಡ್ ಎಂದೇ ಹೆಸರಿಟ್ಟರು. ಕಾಂಗ್ರೆಸ್ಸಿನವರು ರಾಯಣ್ಣನ ಹೆಸರು ಹೇಳುವುದರಲ್ಲಿ ಹಿಂದೆ ಬಿದ್ದಿಲ್ಲ. ಒಬ್ಬರಿಗೆ ಆತ ರಾಷ್ಟ್ರಭಕ್ತ, ಒಬ್ಬರಿಗೆ ಕುರುಬ ಸಮಾಜದ ವೀರ, ಒಬ್ಬರಿಗೆ ಕನ್ನಡದ ಕಾವಲುಗಾರ.

ಇದರಲ್ಲಿ ತಪ್ಪೇನಿಲ್ಲ. ಶತಮಾನಗಳ ಕಾಲ ಚರಿತ್ರೆಯ ಪುಸ್ತಕದ ಹೊರಗೇ ಉಳಿದ ಸಮುದಾಯಗಳಿಗೆ ತಮ್ಮವನ ಹೆಸರನ್ನ ರಾಜಧಾನಿಯ ನಿಲ್ದಾಣದ ಮೇಲೆ ನೋಡುವುದು ಸಣ್ಣ ಸಂಗತಿಯಲ್ಲ. ಹೆಸರು ಬದಲಾವಣೆಯೆಲ್ಲ ಗಿಮಿಕ್ ಅಂತ ನಗುವವರು ಸಾಮಾನ್ಯವಾಗಿ ತಮ್ಮ ಹೆಸರು ಈಗಾಗಲೇ ಬೋರ್ಡಿನಲ್ಲಿ ಇರುವವರು. ಸಮಸ್ಯೆ ಇರೋದು ಡಿಕ್ಕಿಯಲ್ಲಿ.

ಆಗಸ್ಟ್ 15 ರಾಯಣ್ಣ ಹುಟ್ಟಿದ ದಿನ, ಜನವರಿ 26 ಸತ್ತ ದಿನ. ಎಂಥಾ ಯೋಗಾಯೋಗ ಅಂತ ಭಾಷಣದಲ್ಲಿ ಹೇಳ್ತಾರೆ, ಚಪ್ಪಾಳೆ ಬೀಳುತ್ತೆ. ವಾಸ್ತವದಲ್ಲಿ ಒಂದೇ ಕೀಗೆ ಎರಡು ವ್ಯಾಲ್ಯೂ ಬಿದ್ದಿದೆ, ಕೊನೆಗೆ ಬಂದದ್ದು ಗೆದ್ದಿದೆ. ಆ ಎರಡೂ ದಿನ ಧ್ವಜ ಹಾರುತ್ತೆ, ಸಿಹಿ ಹಂಚುತ್ತಾರೆ, ಸಂಗೊಳ್ಳಿ ನಂದಗಡಗಳ ಆಚೆ ರಾಯಣ್ಣ ಪರೇಡಿನ ಕೆಳಗೆ ಮುಚ್ಚಿಹೋಗುತ್ತಾನೆ.

ಇನ್ನೊಂದು ಡಿಕ್ಕಿ ಬೆಳಗಾವಿಯ ಪೀರನವಾಡಿಯಲ್ಲಿ ಆಯ್ತು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲೇ ಈ ಊರು. 2020ರ ಆಗಸ್ಟಿನಲ್ಲಿ ಇಲ್ಲಿ ರಾಯಣ್ಣನ ಪ್ರತಿಮೆ ನಿಂತಾಗ, ಅದು ಶಿವಾಜಿ ಹೆಸರಿನ ವೃತ್ತ ಎಂದು ಮರಾಠಿ ಯುವಕರು ತಕರಾರು ಎತ್ತಿದರು. ಲಾಠಿ ಬೀಸುವವರೆಗೂ ಹೋಯ್ತು. ಕೊನೆಗೆ ಪೊಲೀಸ್ ಅಧಿಕಾರಿಗಳು ಎರಡೂ ಕಡೆಯವರನ್ನ ಕೂರಿಸಿ ರಾಜಿ ಮಾಡಿಸಿದರು: ವೃತ್ತದ ಹೆಸರು ಶಿವಾಜಿಯದು, ಪ್ರತಿಮೆ ರಾಯಣ್ಣನದು. ಎರಡು ವ್ಯಾಲ್ಯೂಗೆ ಎರಡು ಕೀ. ಪ್ರೋಗ್ರಾಮರ್ ಆದವನು ಮೊದಲೇ ಕೊಡುತ್ತಿದ್ದ ಪರಿಹಾರ. ಶಿವಾಜಿ ತೀರಿಕೊಂಡು 118 ವರ್ಷಗಳಾದ ಮೇಲೆ ಹುಟ್ಟಿದವನು ರಾಯಣ್ಣ. ಅವರಿಬ್ಬರಿಗೆ ಪರಸ್ಪರ ಯಾವ ಜಗಳವೂ ಇರಲಿಲ್ಲ. ಆದರೂ 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿದ್ದದ್ದೇ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆ ಭಗ್ನವಾಯಿತು. ಹೆಸರುಗಳು ಬಡಿದಾಡಿದವು, ಒಳಗಿನ ಬದುಕನ್ನ ಯಾರೂ ತೆರೆದು ನೋಡಲಿಲ್ಲ.

ಸರಕು ಎಲ್ಲಿ ಹೋಯ್ತು?

ರಾಯಣ್ಣನ ಬದುಕಿನ ವ್ಯಾಲ್ಯೂ ಏನು ಅಂದ್ರೆ ಒಂದು ಪ್ರಶ್ನೆ. ನಾನು ಉಳುವ ನೆಲಕ್ಕೆ ಕಾಗದದಲ್ಲಿ ಏನು ಹೆಸರು ಅನ್ನೋದನ್ನ ತೀರ್ಮಾನಿಸುವವರು ಯಾರು? ನನ್ನನ್ನ ಕೇಳದೆ ಆ ಹೆಸರು ಬದಲಾದರೆ ನಾನು ಯಾರ ಬಳಿ ಹೋಗಲಿ?

ಸ್ವತಂತ್ರ ಕರ್ನಾಟಕ ಇದಕ್ಕೆ ಒಮ್ಮೆ ದೊಡ್ಡ ಉತ್ತರ ಕೊಟ್ಟಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರ ಅನ್ನೋ ಕೀ ಮಾಲೀಕ ಅಂತ ಬದಲಾಯ್ತು. ಅಲ್ಲಿ ಬದಲಾದದ್ದು ಬರೀ ಚೀಟಿಯಲ್ಲ, ಡಬ್ಬಿಯೊಳಗೆ ನಿಜಕ್ಕೂ ನೆಲ ಬಂತು. 2000ದ ಆಸುಪಾಸು ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಬೀಡಿಯ ಕಚೇರಿಯಲ್ಲಿ ರಾಯಣ್ಣ ಸುಟ್ಟಂಥ ಕಟ್ಟು ಈಗ ಸರ್ವರಿನಲ್ಲಿದೆ, ಬೆಂಕಿ ತಾಗುವುದಿಲ್ಲ. ತಿದ್ದುಪಡಿ ತಾಗುತ್ತೆ.

ನಂದಗಡದಿಂದ ಪಶ್ಚಿಮಕ್ಕೆ, ಅದೇ ಖಾನಾಪುರ ತಾಲ್ಲೂಕಿನ ಕಾಡಿಗೆ ಹೋಗಿ. ಅಲ್ಲಿ ಗವಾಳಿ, ತಳೇವಾಡಿ, ಆಮಗಾಂವ ಎಂಬ ಹಳ್ಳಿಗಳಿವೆ. 2011ರ ಡಿಸೆಂಬರಿನಲ್ಲಿ ಈ ಸೀಮೆಗೆ ಭೀಮಗಡ ವನ್ಯಜೀವಿಧಾಮ ಎಂದು ಹೆಸರಾಯಿತು. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಮಲಪ್ರಭೆ, ಮಹದಾಯಿಗಳ ನೀರು ಈ ಕಾಡಿನದೇ. ಆದರೆ ಹೆಸರು ಬದಲಾದ ಮೇಲೆ ಆ ಊರುಗಳಿಗೆ ರಸ್ತೆ ಬೇಕು, ಕರೆಂಟ್ ಬೇಕು, ಸೇತುವೆ ಬೇಕು ಅಂದರೆ ಪ್ರತಿಯೊಂದಕ್ಕೂ ಅರಣ್ಯದ ಅನುಮತಿಯ ಪ್ರಶ್ನೆ ಎದ್ದು ನಿಲ್ಲುತ್ತೆ. ಮನೆ ಅದೇ, ಗದ್ದೆ ಅದೇ, ಕೀ ಬೇರೆ. ಇಂಥವರಿಗಾಗಿಯೇ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಕಾಡಿನ ನೆಲ ನಂಬಿ ಬದುಕಿದವರ ಹಕ್ಕನ್ನ ಗುರುತಿಸಬೇಕು, ಗುರುತಿಸುವ ಕೆಲಸ ಗ್ರಾಮಸಭೆಯಿಂದಲೇ ಶುರುವಾಗಬೇಕು ಅನ್ನುತ್ತೆ ಅದು. ಕೋಡಿನ ಭಾಷೆಯಲ್ಲಿ ಹೇಳೋದಾದರೆ, ಹೊಸ ಆಬ್ಜೆಕ್ಟ್ ಮಾಡಿ, ಆದರೆ ಮೂಲದಲ್ಲಿದ್ದವರನ್ನ ಬಿಡಬೇಡಿ.

ಮುಂದಿನ ಸಲ ಯಾವುದೋ ನಿಲ್ದಾಣಕ್ಕೆ, ಜಿಲ್ಲೆಗೆ, ಯೋಜನೆಗೆ ಹೊಸ ಹೆಸರು ಘೋಷಣೆಯಾದಾಗ ಚಪ್ಪಾಳೆ ತಟ್ಟಿ, ಬೇಡ ಅನ್ನಲ್ಲ. ಜೊತೆಗೆ ಮೂರು ಪ್ರಶ್ನೆ ಕೇಳಿ. ಹಳೇ ದಾಖಲೆ ಎಲ್ಲಿದೆ, ತಾಳೆ ನೋಡಬಹುದಾ? ಪಟ್ಟಿಯಲ್ಲಿ ಹೆಸರಿಲ್ಲದವರು ಏನಾದರು? ಯಾರ ಹೆಸರನ್ನ ಬರೆಯಲು ಯಾರ ಹೆಸರು ಅಳಿಸಿತು? ರಾಯಣ್ಣನ ಹೆಸರನ್ನ ನಿಲ್ದಾಣಕ್ಕೆ ಇಟ್ಟ ಸರ್ಕಾರಗಳೇ ತಳೇವಾಡಿಯವರ ಕಾಗದದಲ್ಲಿ ಏನು ಬರೆಯಬೇಕು ಅನ್ನೋದನ್ನೂ ತೀರ್ಮಾನಿಸುತ್ತವೆ. ಕೆಎಸ್ಆರ್ ಅಂತ ಬೋರ್ಡ್ ಬರೆದದ್ದು ಒಂದು ದಿನದ ಕೆಲಸ. ಶೇತಸನದಿಯ ಹೊಲದ ಅರ್ಜಿ ಮಾತ್ರ ಖಾನಾಪುರದ ಕಾಡಂಚಿನಲ್ಲಿ ಇನ್ನೂ ಬಾಕಿ ಇದೆ.